ಕೆರೆ ನೀರಿನ ಲೆಕ್ಕ ಮತ್ತು ಹತ್ತರ ಘಾತ

ಕೊಡಗಿನ ಸಿದ್ದಾಪುರದ ಕಡೆ ನಮ್ಮದು ರೊಬಸ್ಟಾ ಕಾಫಿ ತೋಟ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕಲೇಬೇಕು. ಕೆರೆಯಲ್ಲಿರುವ ನೀರು ಎಷ್ಟು ಎಕರೆಗೆ ಸಾಕು ಅನ್ನೋದೇ ಆಗ ದೊಡ್ಡ ಚಿಂತೆ.

ಒಂದು ಎಕರೆ 4047 ಚದರ ಮೀಟರ್. ಅದರ ಮೇಲೆ ಒಂದು ಇಂಚು ನೀರು ಅಂದರೆ ಸುಮಾರು 103 ಘನ ಮೀಟರ್, ಲೀಟರಿನಲ್ಲಿ 1.03 × 10⁵ (10⁵ ಅಂದರೆ ಒಂದರ ಮುಂದೆ ಐದು ಸೊನ್ನೆ, ಮೇಲಿನ ಆ 5 ಅನ್ನೇ ಘಾತ ಅನ್ನೋದು). ನಮ್ಮ ಕೆರೆ 20 ಮೀಟರ್ ಉದ್ದ, 15 ಅಗಲ, 3 ಆಳ. ತುಂಬಿದಾಗ 9 × 10⁵ ಲೀಟರ್. ಮಗಳ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿದೆ. ಬಂದ ಉತ್ತರ 8.7 × 10¹² ಎಕರೆ!

ಭೂಮಿಯ ಇಡೀ ಮೇಲ್ಮೈ, ಸಮುದ್ರವೂ ಸೇರಿ, ಸುಮಾರು 1.3 × 10¹¹ ಎಕರೆ. ಅಂದರೆ ನನ್ನ ಉತ್ತರ ಅರವತ್ತಕ್ಕೂ ಜಾಸ್ತಿ ಭೂಮಿಗಳಷ್ಟು. ಎಲ್ಲಿ ತಪ್ಪಿತು ಅಂತ ಕೂತು ಹುಡುಕಿದೆ. ‘ಎಕ್ಸ್‌ಪ್’ ಬಟನ್ ಒತ್ತಿದರೆ ‘ಗುಣಿಸು ಹತ್ತರ ಘಾತ’ ಅಂತಲೇ ಅರ್ಥ. ನಾನು ಅದಕ್ಕೆ ಮೊದಲು ‘× 10’ ಕೂಡ ಒತ್ತಿದ್ದೆ. ಹೀಗಾಗಿ ಒಂದೊಂದು ಸೊನ್ನೆ ಜಾಸ್ತಿ ಆಯಿತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಕ್ಯಾಲ್ಕುಲೇಟರ್ ಎಡದಿಂದ ಬಲಕ್ಕೆ ಹೋಗುತ್ತದೆ, ಅಲ್ವಾ? 1.03ರಿಂದ ಭಾಗಿಸಿ, ಅದರ ಘಾತದಿಂದ ಗುಣಿಸಿಬಿಟ್ಟಿತ್ತು. 9 ಎಕ್ಸ್‌ಪ್ 5 ÷ 1.03 ಎಕ್ಸ್‌ಪ್ 5, ಇಷ್ಟೇ ಒತ್ತಬೇಕಿತ್ತು.

ಈಗ ಮೊದಲು ಕಾಗದದ ಮೇಲೆ ಅಂಕಿ ಬೇರೆ, ಘಾತ ಬೇರೆ ಮಾಡಿಕೊಳ್ಳುತ್ತೇನೆ. 9 ಭಾಗಿಸು 1.03, ಸುಮಾರು 8.7. ಘಾತ 5ರಲ್ಲಿ 5 ಕಳೆದರೆ 0. ಉತ್ತರ 8.7 ಎಕರೆ. ಗಾಳಿ, ಬಿಸಿಲಿಗೆ ಹೋಗುವ ನೀರು ಬಿಟ್ಟು ನಾನು ಏಳು ಎಕರೆಗಷ್ಟೇ ಪೈಪ್ ಹಾಕಿಸುತ್ತೇನೆ.

ಸಣ್ಣ ಸಂಖ್ಯೆ ಬಂದಾಗ ಇನ್ನೂ ಹುಷಾರಾಗಿರಬೇಕು. ಒಂದು ಇಂಚು ಮಳೆಯಲ್ಲಿ ಎಕರೆಗೆ ಎಷ್ಟು ಹನಿ ಅಂತ ಮಗಳು ಕೇಳಿದಳು. 2 ಮಿ.ಮೀ. ಅಡ್ಡಳತೆಯ ಹನಿ ಅಂದುಕೊಂಡರೆ ಒಂದರ ಗಾತ್ರ 4.2 × 10⁻⁹ ಘನ ಮೀಟರ್. 1.03 × 10² ಅನ್ನು ಅದರಿಂದ ಭಾಗಿಸಬೇಕು. 2ರಲ್ಲಿ ಮೈನಸ್ 9 ಕಳೆದರೆ 11, ಮೈನಸ್ 7 ಅಲ್ಲ. ಬರುವುದು 0.245 × 10¹¹. ಬಿಂದುವನ್ನು ಒಂದು ಮನೆ ಬಲಕ್ಕೆ ಸರಿಸಿ, ಘಾತ ಒಂದು ಇಳಿಸಿದರೆ 2.45 × 10¹⁰. ಅಂದರೆ 2450 ಕೋಟಿ ಹನಿ!

ಅವಳು ಅಷ್ಟಕ್ಕೇ ಬಿಡಲಿಲ್ಲ. ಕೊಡಗಿನಲ್ಲಿ ಎಷ್ಟು ಮಳೆ ಬಿದ್ದರೆ ಒಂದು ಕೆಆರ್‌ಎಸ್‌ ಅಣೆಕಟ್ಟಿನಷ್ಟು ನೀರಾಗುತ್ತದೆ ಅಂದಳು. ಕೊಡಗು 4102 ಚದರ ಕಿ.ಮೀ., ಅಂದರೆ 4.1 × 10⁹ ಚದರ ಮೀಟರ್. ಕೆಆರ್‌ಎಸ್ ತುಂಬಿದರೆ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಸುಮಾರು 1.4 × 10⁹ ಘನ ಮೀಟರ್. ನೀರನ್ನು ಜಾಗದಿಂದ ಭಾಗಿಸಿದರೆ ಎರಡೂ ಘಾತ 9, ಹೊಡೆದು ಹೋಯಿತು. ಉಳಿದದ್ದು 0.34 ಮೀಟರ್. ಜಿಲ್ಲೆಯಿಡೀ ಹದಿಮೂರೂವರೆ ಇಂಚು ಮಳೆ ಬಿದ್ದರೆ ಒಂದು ಕೆಆರ್‌ಎಸ್‌ನಷ್ಟು ನೀರು. ನಮ್ಮ ಮಳೆ ಪುಸ್ತಕ ತೆಗೆದು, ಯಾವ ತಿಂಗಳು ಅಷ್ಟು ಬಿದ್ದಿದೆ ಅಂತ ಇಬ್ಬರೂ ಹುಡುಕತೊಡಗಿದೆವು.