ಟ್ಯೂಬಿನ ಮೇಲೆ ಪ್ರಾಣಿಯ ಹೆಸರು ಬರೆಯಬೇಡಿ

ಡಿಎನ್‌ಎ ಅಧ್ಯಯನಕ್ಕೆಂದು ಕೂಡಿಟ್ಟ, ಪಶ್ಚಿಮ ಘಟ್ಟದ ಕಪ್ಪೆ, ಹಲ್ಲಿ, ಹಾವುಗಳ ಅಂಗಾಂಶದ ಸಂಗ್ರಹ ನೋಡಿಕೊಳ್ಳುವುದು ನನ್ನ ಕೆಲಸ. ಹಲವು ತಂಡಗಳು ಸ್ಯಾಂಪಲ್ ತಂದಿಡುತ್ತವೆ, ಬೇಕಾದವರು ಕೇಳಿ ಒಯ್ಯುತ್ತಾರೆ. ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಮೈನಸ್ 80 ಡಿಗ್ರಿಯ ಫ್ರೀಜರ್ ಕಡೆಗೆ. ನಿಜ ಹೇಳಬೇಕೆಂದರೆ ಅದರದ್ದು ಜಾಸ್ತಿ ರಗಳೆ ಇಲ್ಲ. ಫಿಲ್ಟರಿನ ಧೂಳು ತೆಗೆಯಬೇಕು, ಬಾಗಿಲಂಚಿನ ಹಿಮ ಕೆರೆಯಬೇಕು, ಕರೆಂಟ್ ಹೋದಾಗ ಜನರೇಟರ್ ಶುರುವಾಯಿತಾ ಅಂತ ನೋಡಬೇಕು. ತಲೆ ತಿನ್ನುವುದು ನಂಬರು.

ಪ್ರತಿ ಟ್ಯೂಬಿಗೂ ಅದರದ್ದೇ ಒಂದು ನಂಬರು. ಅದನ್ನು ಪುಟ್ಟ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ಅಂಗಾಂಶದ ಜೊತೆ ಒಳಗೇ ಹಾಕುತ್ತೇನೆ. ಹೊರಗೆ ಮಾರ್ಕರ್‌ನಲ್ಲಿ ಬರೆದದ್ದು, ಅಂಗಾಂಶ ಮುಳುಗಿಸಿಟ್ಟ ಆಲ್ಕೋಹಾಲ್ ಒಂದು ಹನಿ ಸೋರಿದರೂ ಅಳಿಸಿ ಹೋಗುತ್ತದೆ. ಪೆನ್ಸಿಲ್ ಗೀಟು ಹೋಗುವುದಿಲ್ಲ.

ಪ್ರಭೇದದ ಹೆಸರನ್ನು ಮಾತ್ರ ಟ್ಯೂಬಿನ ಮೇಲೆ ಬರೆಯಲು ಬಿಡುವುದಿಲ್ಲ. ಹೆಸರು ಬದಲಾಗುತ್ತಲೇ ಇರುತ್ತದೆ. ಫಿಲಾಟಸ್ ಅಂತ ಕರೆಯುತ್ತಿದ್ದ ನಮ್ಮ ಎಷ್ಟೋ ಪೊದೆಗಪ್ಪೆಗಳು 2010ರಲ್ಲಿ ರಾವೊರ್ಕೆಸ್ಟಿಸ್ ಕುಲಕ್ಕೆ ಹೋದವು. 2024ರಲ್ಲಿ ಘಟ್ಟದ ಕಾಳಿಂಗ ಸರ್ಪ ಬೇರೆಯೇ ಪ್ರಭೇದವಾಯಿತು, ಒಫಿಯೊಫೇಗಸ್ ಕಾಳಿಂಗ. ಹೆಸರು ಕಂಪ್ಯೂಟರಿನಲ್ಲಿದ್ದರೆ ಒಂದು ಕಡೆ ತಿದ್ದಿದರೆ ಸಾಕು. ನಂಬರಿನ ಜೊತೆ ದಿನಾಂಕ, ಜಿಪಿಎಸ್, ಎತ್ತರ, ಫೋಟೋ, ಹಿಡಿದವರು ಯಾರು, ಇಡೀ ಪ್ರಾಣಿ ಯಾವ ಮ್ಯೂಸಿಯಂನಲ್ಲಿದೆ, ಅರಣ್ಯ ಇಲಾಖೆಯ ಅನುಮತಿ ಪತ್ರದ ಸಂಖ್ಯೆ ಎಲ್ಲವೂ ಬೇಕು. ಬರೀ ‘ಆಗುಂಬೆ ಹತ್ತಿರ’ ಅಂತ ಬರೆದು ತಂದರೆ ವಾಪಸ್ ಕಳಿಸುತ್ತೇನೆ. ಘಾಟಿಯ ಮೇಲಿನದ್ದೋ, ಕೆಳಗೆ ಸೋಮೇಶ್ವರದ್ದೋ? ಎರಡೂ ಆಗುಂಬೆಗೆ ಹತ್ತಿರವೇ ಅಲ್ವಾ! ಕಪ್ಪೆಗೆ ಮಾತ್ರ ಅವೆರಡೂ ಬೇರೆ ಬೇರೆ ಲೋಕ.

ಕಾಡಿನಲ್ಲೇ ಕೆಟ್ಟು ಬಂದದ್ದನ್ನು ಫ್ರೀಜರ್ ಸರಿ ಮಾಡುವುದಿಲ್ಲ. ಪಿತ್ತಜನಕಾಂಗ ಅಥವಾ ತೊಡೆಯ ಸ್ನಾಯು, ಎರಡು ಮೂರು ಮಿಲಿಮೀಟರ್ ಚೂರು ಸಾಕು. ದೊಡ್ಡದಾದರೆ ಆಲ್ಕೋಹಾಲ್ ಒಳಗೆ ಇಳಿಯುವ ಮೊದಲೇ ನಡುಭಾಗ ಕೊಳೆಯುತ್ತದೆ. ಚೂರಿನ ಹತ್ತು ಪಟ್ಟು ಆಲ್ಕೋಹಾಲ್ ಇರಬೇಕು, ಶೇ. 95ರದ್ದು. ಮಾಂಸದ ನೀರು ಬಿಟ್ಟು ಅದು ತೆಳುವಾಗುವುದರಿಂದ ಮರುದಿನ ಒಮ್ಮೆ ಬದಲಿಸಬೇಕು. ಇದೆಲ್ಲ ಮುಗಿದ ಮೇಲೆಯೇ ಇಡೀ ಪ್ರಾಣಿಯನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕುವುದು, ಫಾರ್ಮಲಿನ್ ಮುಟ್ಟಿದ ಮಾಂಸದಿಂದ ಒಳ್ಳೆ ಡಿಎನ್‌ಎ ಸಿಗುವುದು ಕಷ್ಟ. ಪ್ರಾಣಿ ಬದಲಾದಾಗಲೆಲ್ಲ ಚಿಮಟ, ಕತ್ತರಿ ಒರೆಸಿ ಬೆಂಕಿಗೆ ಹಿಡಿಯಬೇಕು. ಶುದ್ಧ ಆಲ್ಕೋಹಾಲಿಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು, ಅದೊಂದು ತಲೆನೋವು. ಹಾಗಂತ ಅಂಗಡಿಯಲ್ಲಿ ಸಿಗುವ ಬೆರಕೆ ಸ್ಪಿರಿಟ್ ಬಳಸಿದರೆ ನಾನು ಒಪ್ಪುವುದಿಲ್ಲ.

ಜಗಳ ಆಗುವುದು ಕೊಡುವಾಗ. “ಒಂದು ಚೂರು ತಾನೇ ಮೇಡಂ, ಕೊಡಿ” ಅಂತ ವಿದ್ಯಾರ್ಥಿಗಳು ಬರುತ್ತಾರೆ. ಯಾವ ಪ್ರಶ್ನೆಗೆ, ಯಾವ ಜೀನ್ ನೋಡುತ್ತೀರಿ ಅಂತ ಬರೆದು ಕೊಡಿ ಅನ್ನುತ್ತೇನೆ. ಹಿಂದೆ ಯಾರೋ ತೆಗೆದ ಡಿಎನ್‌ಎ ಉಳಿದಿದ್ದರೆ ಅದನ್ನೇ ಕೊಡುತ್ತೇನೆ, ಅಂಗಾಂಶ ಮುಟ್ಟುವುದಿಲ್ಲ. ಕೊನೆಯ ಚೂರು ಬಿತ್ತನೆ ಬೀಜ ಇದ್ದ ಹಾಗೆ, ಪ್ರೊಫೆಸರ್ ಕೇಳಿದರೂ ಕೊಡುವುದಿಲ್ಲ. ಕೆಲಸ ಮುಗಿದ ಮೇಲೆ ಉಳಿದ ಡಿಎನ್‌ಎ ಇಲ್ಲಿಗೇ ಬರಬೇಕು, ಎಲ್ಲರಿಗೂ ತೆರೆದಿರುವ ಡಿಎನ್‌ಎ ಮಾಹಿತಿ ಭಂಡಾರ ಜೀನ್‌ಬ್ಯಾಂಕಿಗೆ ಹಾಕುವ ಸೀಕ್ವೆನ್ಸ್ (ಡಿಎನ್‌ಎಯ ಅಕ್ಷರ ಸಾಲು) ಜೊತೆ ನಮ್ಮ ನಂಬರು ಇರಬೇಕು. ಅದಿಲ್ಲದಿದ್ದರೆ ಮುಂದೆ ಅನುಮಾನ ಬಂದವರು ಮೂಲ ಅಂಗಾಂಶಕ್ಕೆ ಮರಳುವ ದಾರಿಯೇ ಇಲ್ಲ. ವಿದೇಶದವರು ಕೇಳಿದರೆ ಮಾತು ಬೇರೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು, ಅದು ಬರುವವರೆಗೆ ಟ್ಯೂಬ್ ಹೊರಗೆ ಬರುವುದಿಲ್ಲ.

ಈಗ ಹಿಡಿದಿರುವ ಕೆಲಸ, ಪ್ರತಿ ಸ್ಯಾಂಪಲನ್ನೂ ಎರಡು ಮಾಡಿ ಒಂದನ್ನು ಬೇರೆ ಕಟ್ಟಡದ ಫ್ರೀಜರಿಗೆ ಸೇರಿಸುವುದು. ಟ್ಯೂಬುಗಳನ್ನು ಐಸ್ ಮೇಲಿಟ್ಟುಕೊಂಡು, ಒಂದೊಂದೇ ಬೆಳಕಿಗೆ ಹಿಡಿದು ಆಲ್ಕೋಹಾಲ್ ಮಟ್ಟ ನೋಡುತ್ತೇನೆ. ಇಳಿದಿದ್ದರೆ ತುಂಬಿಸಿ, ರಬ್ಬರ್ ಉಂಗುರ ಇರುವ ತಿರುಪು ಮುಚ್ಚಳ ಹಾಕುತ್ತೇನೆ. ಹಲ್ಲಿಗಳದ್ದು ಮುಗಿದಿದೆ. ಕಪ್ಪೆಗಳ ಪೆಟ್ಟಿಗೆ ಇನ್ನೂ ಸಾಕಷ್ಟಿವೆ.