ಮೂವತ್ತರ ಲಾಂಗ್ ರನ್ ಬಿಟ್ಟೆ, ಫುಲ್ ಓಡಿ ಮುಗಿಸಿದೆ: ನನ್ನ ಅನುಭವ

ಮುಂಬೈ ಫುಲ್, ಅಂದರೆ 42.2 ಕಿಲೋಮೀಟರಿನ ಪೂರ್ತಿ ಮ್ಯಾರಥಾನ್, 4 ಗಂಟೆ 33 ನಿಮಿಷ. 2025ರ ಜನವರಿ 19. ಅದಕ್ಕೆ ಮುಂಚಿನ ಆರು ತಿಂಗಳಲ್ಲಿ ನಾನು ಒಂದೇ ಒಂದು ದಿನವೂ 22 ಕಿಲೋಮೀಟರ್ ದಾಟಿ ಓಡಿರಲಿಲ್ಲ.

ನಮ್ಮ ಓಟದ ಗುಂಪಿನಲ್ಲಿ ಇದನ್ನು ಯಾರೂ ಒಪ್ಪಿರಲಿಲ್ಲ. ಫುಲ್‌ಗೆ ತಯಾರಾಗುವಾಗ ಒಂದೇ ಸಲಕ್ಕೆ 30, 32 ಕಿ.ಮೀ. ಓಡುವ ಲಾಂಗ್ ರನ್ ಬೇಕೇ ಬೇಕು ಅನ್ನುವುದು ಅವರ ಲೆಕ್ಕ. "ಮೇಡಂ, ಒಂದು ಸಲನಾದ್ರೂ 32 ಮಾಡದೆ ಹೋಗ್ಬೇಡಿ, ಪೆಡ್ಡರ್ ರೋಡ್ ಏರಲ್ಲಿ ಕೂತ್ಬಿಡ್ತೀರ" ಅಂತ ಮೂವರು ಬುದ್ಧಿ ಹೇಳಿದ್ದರು. ಪೆಡ್ಡರ್ ರೋಡ್ ಅಂದರೆ ಮುಂಬೈ ರೇಸಿನ ಕೊನೆಯ ಭಾಗದಲ್ಲಿ ಬರುವ ಏರು. ಆ ಮೂವರಲ್ಲಿ ಇಬ್ಬರು ಈಗ ನನ್ನ ಶನಿವಾರ-ಭಾನುವಾರದ ಲೆಕ್ಕ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ, ಸುಮಾರು. ನಾನು ಕಿಲೋಮೀಟರ್ ಬರೆದಿಡುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬಂದ ತಾರೀಕು, ಹಾಲಿನ ಲೆಕ್ಕದ ಪಕ್ಕ. ಹಳೇ ಕ್ಯಾಲೆಂಡರುಗಳನ್ನು ಅತ್ತೆ ಬೀರುವಿನ ಅರೆಗಳಿಗೆ ಹಾಸಿದ್ದಾರೆ, ಅದರ ಮೇಲೆ ಈಗ ಸ್ಟೀಲ್ ಡಬ್ಬಗಳಿವೆ.

ನನಗೆ 46. ಮೈಸೂರು, ಸರಸ್ವತಿಪುರಂ. ಬ್ಯಾಂಕಿನ ಕೆಲಸ. ಯಜಮಾನರದು ಫ್ಯಾಕ್ಟರಿ, ಶಿಫ್ಟ್ ಲೆಕ್ಕ. ಮಗಳು ಆಗ ಸೆಕೆಂಡ್ ಪಿಯುಸಿ, ಮಗ ಏಳನೇ ಕ್ಲಾಸು. ಮನೆಯಲ್ಲಿ ಅತ್ತೆ ಇದ್ದಾರೆ, ಎಪ್ಪತ್ತಾರು ವರ್ಷ, ಸಕ್ಕರೆ ಕಾಯಿಲೆ. ಇಷ್ಟು ಜನರ ನಡುವೆ ಓಟಕ್ಕೆ ಜಾಗ ಮಾಡಿಕೊಂಡ ಕತೆ ಇದು.

ಮೊದಲ ಫುಲ್ 2023ರ ಮುಂಬೈ. ಆನ್‌ಲೈನ್ ಕೋಚ್ ಒಬ್ಬರಿಗೆ ಮೂರು ತಿಂಗಳಿಗೆ ಒಂಬತ್ತು ಸಾವಿರ ಕೊಟ್ಟೆ. ಭಾನುವಾರಗಳಲ್ಲಿ 28, 30, 32. ನನ್ನ ವೇಗಕ್ಕೆ 32 ಅಂದರೆ ನಾಲ್ಕು ಗಂಟೆ. ಮೂರೂವರೆಗೆ ಮನೆ ಬಿಡಬೇಕು, ಕತ್ತಲು, ಬೀದಿನಾಯಿ, ರಾತ್ರಿ ಶಿಫ್ಟ್ ಮುಗಿಸಿ ಬಂದ ಯಜಮಾನರು ಸ್ಕೂಟರಿನಲ್ಲಿ ಹಿಂದೆ ಬರಬೇಕು. ಎಂಟು ಗಂಟೆಗೆ ಮನೆ ಸೇರಿದರೆ ಆಮೇಲೆ ಇಡೀ ಭಾನುವಾರ ನಾನು ಯಾರಿಗೂ ಸಿಗುತ್ತಿರಲಿಲ್ಲ. ಬುಧವಾರದವರೆಗೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಿತ್ತು. ಇಷ್ಟೆಲ್ಲ ಮಾಡಿ ಮುಂಬೈಯಲ್ಲಿ ಆಗಿದ್ದೇನು? 27ನೇ ಕಿ.ಮೀ.ಗೆ ಮೀನಖಂಡ ಹಿಡಿದುಕೊಂಡಿತು. ಪೆಡ್ಡರ್ ರೋಡ್ ಪೂರ್ತಿ ನಡೆದೆ. 5 ಗಂಟೆ 21.

ತಪ್ಪು ಕಾಲಿನದು ಅಂದುಕೊಂಡು ದುಡ್ಡು ಸುರಿದೆ. ಅಡಿಭಾಗದೊಳಗೆ ಗಟ್ಟಿ ಹಾಳೆ ಇರುವ ಕಾರ್ಬನ್ ಪ್ಲೇಟ್ ಶೂ ಹದಿನೇಳು ಸಾವಿರ. ಅದರಲ್ಲಿ ನೂರು ಕಿ.ಮೀ. ಆಗುವಷ್ಟರಲ್ಲಿ ಹಿಮ್ಮಡಿ ನೋವು. ಅದಕ್ಕೆ ಫಿಸಿಯೋ, ಹತ್ತು ಸಿಟ್ಟಿಂಗ್, ಒಂದಕ್ಕೆ ಆರು ನೂರು. ಕೋಚು, ಶೂ, ಫಿಸಿಯೋ ಸೇರಿ ಮೂವತ್ತೆರಡು ಸಾವಿರ. ಮಗಳ ಟ್ಯೂಷನ್ ಫೀಸಿಗೆ ಅಂತ ಎತ್ತಿಟ್ಟಿದ್ದರಿಂದ ಒಂದಷ್ಟು ತೆಗೆದಿದ್ದೆ, ಆ ಸಂಕಟ ಇನ್ನೂ ಹೋಗಿಲ್ಲ.

ಆದರೂ 2024ಕ್ಕೆ ಮತ್ತೆ ಹೆಸರು ಕೊಟ್ಟೆ, ಮತ್ತೆ ಅದೇ 30, 32.

2023ರ ನವೆಂಬರಿನ ಒಂದು ಭಾನುವಾರ. 30 ಮುಗಿಸಿ, ಸ್ನಾನ ಮಾಡಿ, ನಾಲ್ಕು ಇಡ್ಲಿ ತಿಂದು ಹನ್ನೊಂದಕ್ಕೆ ಮಲಗಿದವಳಿಗೆ ಎಚ್ಚರ ಆಗಿದ್ದು ಎರಡೂವರೆಗೆ. ಯಜಮಾನರು ಡ್ಯೂಟಿಯಲ್ಲಿ, ಮಕ್ಕಳು ಮನೆಯಲ್ಲಿಲ್ಲ. ಅತ್ತೆ ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ರವಿಕೆ ಬೆವರಿಗೆ ಬೆನ್ನಿಗೆ ಅಂಟಿತ್ತು. ಕೈ ಮುಟ್ಟಿದರೆ ಐಸು. ಏನೋ ಹೇಳುತ್ತಿದ್ದರು, ಮಾತು ತೊದಲುತ್ತಿತ್ತು. ಊಟಕ್ಕೆ ಮುಂಚಿನ ಮಾತ್ರೆ ನುಂಗಿದ್ದರು, ಊಟ ಮಾಡಿರಲಿಲ್ಲ. ಶುಗರ್ ಮಿಷಿನ್ ಹಾಕಿ ನೋಡಿದರೆ 52, ತೀರಾ ಕಮ್ಮಿ. ಸಕ್ಕರೆ ನೀರು ಕಲಸಿ ಚಮಚದಲ್ಲಿ ಕುಡಿಸಿದೆ. ಚಮಚ ಹಿಡಿದ ನನ್ನ ಕೈ ಅವರ ಕೈಗಿಂತ ಹೆಚ್ಚು ನಡುಗುತ್ತಿತ್ತು. ಕಾಲು ಗಂಟೆ ಕಳೆದು 80 ದಾಟಿದ ಮೇಲೆ ಅವರು ಹೇಳಿದ ಮೊದಲ ಮಾತು: "ಓಡಿ ಸುಸ್ತಾಗಿ ಮಲಗಿದ್ದೆಯಲ್ಲ, ನಿದ್ದೆ ಕೆಡಿಸಬಾರದು, ಎದ್ದಮೇಲೆ ಒಟ್ಟಿಗೆ ಉಣ್ಣೋಣ ಅಂತ ಸುಮ್ನಿದ್ದೆ ಕಣಮ್ಮ."

ಅವತ್ತು ರಾತ್ರಿ ಕ್ಯಾಲೆಂಡರಿನಲ್ಲಿ ಮುಂದಿನ ಭಾನುವಾರಗಳಿಗೆ ಬರೆದಿದ್ದ ಅಂಕಿಗಳನ್ನೆಲ್ಲ ಹೊಡೆದುಹಾಕಿದೆ. ಮುಂಬೈಗೆ ಕಟ್ಟಿದ್ದ ಫೀಸೂ ಹೋಯಿತು. ಓಟವನ್ನೇ ಬಿಡುವವಳಿದ್ದೆ. ಬೇಡ ಅಂದವರು ಅತ್ತೆಯೇ. "ಓಡಿ ಬಂದ ದಿನ ನಿನ್ನ ಮುಖ ನೋಡೋಕೆ ಚೆನ್ನಾಗಿರುತ್ತೆ. ಬಿಡ್ಬೇಡ. ನಾನು ಇನ್ನೂರು ಹಪ್ಪಳ ಒಂದೇ ದಿನ ಒತ್ತುತ್ತಿದ್ದೆನಾ? ಇವತ್ತು ನೂರು, ಆ ಸೊಂಟನೋವಲ್ಲೇ ನಾಳೆ ನೂರು. ಹಂಗೆ ಮಾಡು."

ಆ ಸೊಂಟನೋವಲ್ಲೇ ನಾಳೆ ನೂರು. ನನ್ನ ವಿಧಾನ ಪೂರ್ತಿ ಇದೇ.

ಶನಿವಾರ 18, ಅದೇ ದಣಿದ ಕಾಲಿನಲ್ಲಿ ಭಾನುವಾರ 20ರಿಂದ 22. ಇಪ್ಪತ್ತೇಳು ಗಂಟೆಯೊಳಗೆ 40 ಕಿ.ಮೀ. ಅಲ್ಟ್ರಾ, ಅಂದರೆ ಫುಲ್‌ಗಿಂತಲೂ ಉದ್ದದ ರೇಸ್ ಓಡುವವರಿಗೆ ಇದು ಹೊಸದಲ್ಲ. ಅಮೆರಿಕದ ಹ್ಯಾನ್ಸನ್ ಸಹೋದರರ ತರಬೇತಿಯಲ್ಲೂ ಉದ್ದದ ಓಟ 26ರ ಹತ್ತಿರ ನಿಲ್ಲುತ್ತದೆ ಅನ್ನುವುದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ನಾನು ಅದನ್ನು ಓದಿದ್ದು ಆಮೇಲೆ. ನನಗೆ ಮೊದಲು ಬಂದಿದ್ದು ಹಪ್ಪಳದ ಲೆಕ್ಕ.

2024ರ ಜೂನ್‌ನಲ್ಲಿ ಪ್ರಯೋಗ ಶುರು ಮಾಡಿದಾಗ ಮೊದಲು ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಅಂತ ಇಟ್ಟುಕೊಂಡಿದ್ದೆ. ಕೆಟ್ಟ ಯೋಚನೆ. ಮಧ್ಯಾಹ್ನದ ಸಾರು ಗಂಟಲಿಗೆ ಬರುತ್ತಿತ್ತು, ಸಂಜೆಯ ಹೊತ್ತಿಗೆ ಯಾರಾದರೂ ನೆಂಟರು ಬಂದಿರುತ್ತಿದ್ದರು, ಓಡಿ ಬಂದು ಮಲಗುವಾಗ ಹನ್ನೊಂದು. ನಾಲ್ಕು ವಾರಕ್ಕೆ ಕೈಬಿಟ್ಟೆ. ಆಮೇಲೆ ಎರಡೂ ದಿನ ಬೆಳಿಗ್ಗೆ, ಎರಡೂ ದಿನ ಜೋರಾಗಿ ಓಡಿದೆ. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ನೋವು ಶುರುವಾಗಿ ಎರಡು ವಾರ ಮನೆಯಲ್ಲಿ ಕೂತೆ. ಕೊನೆಗೆ ನಿಂತಿದ್ದು ಹೀಗೆ: ಶನಿವಾರ ಮೊದಲ ಹತ್ತು ಕಿ.ಮೀ. ಏಳೂವರೆ ನಿಮಿಷದ ಪೇಸ್, ಅಂದರೆ ಒಂದು ಕಿ.ಮೀ.ಗೆ ಅಷ್ಟು ಹೊತ್ತು, ಕೊನೆಯ ಎಂಟು ಆರೂವರೆ, ಅಂದರೆ ರೇಸಿನ ಪೇಸ್. ಭಾನುವಾರ ಪೇಸಿನ ಮಾತೇ ಇಲ್ಲ. ಮೊದಲ ಐದು ಕಿ.ಮೀ. ಕಾಲು ಮರದ ಕೊರಡು. ಆರನೇ ಕಿ.ಮೀ.ಗೆ ಬಿಗಿತ ಬಿಟ್ಟುಕೊಳ್ಳಬೇಕು. ಆರು ದಾಟಿದರೂ ಬಿಟ್ಟುಕೊಳ್ಳದಿದ್ದರೆ ವಾಪಸ್ ಮನೆಗೆ. ಆರು ತಿಂಗಳಲ್ಲಿ ಎರಡು ಸಲ ಹೀಗೆ ವಾಪಸ್ ಬಂದಿದ್ದೇನೆ, ಬೇಸರ ಪಟ್ಟಿಲ್ಲ.

ಇದು ಎಲ್ಲ ವಾರ ಅಲ್ಲ. ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ರಜೆ, 2015ರಿಂದ. ಆ ಎರಡು ವಾರ ಜೋಡಿ ಓಟ. ಉಳಿದ ವಾರ ಭಾನುವಾರ ಒಂದೇ, 14ರಿಂದ 16. ಒಂದು ವಾರ ಭಾರ, ಒಂದು ವಾರ ಹಗುರ ತಾನಾಗಿಯೇ ಆಗುತ್ತದೆ, ಅದಕ್ಕೆ ಯಾವ ಕೋಚೂ ಬೇಕಿಲ್ಲ. ಐದು ಶನಿವಾರ ಬರುವ ತಿಂಗಳಲ್ಲಿ ಮಾತ್ರ ನಡುವೆ ಮೂರು ವಾರದ ಅಂತರ ಬೀಳುತ್ತದೆ. ಅಂಥ ಒಂದು ಸಲ ಸಿಎಲ್ ಹಾಕಿ ಓಡಿದ್ದೇನೆ.

ವಾರದ ಉಳಿದ ದಿನಗಳದು ಹೆಚ್ಚು ಹೇಳುವಂಥದ್ದೇನಿಲ್ಲ. ಮಂಗಳವಾರ, ಗುರುವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಧಾನವಾಗಿ ಎಂಟೆಂಟು. ಬುಧವಾರ ಮಾನಸಗಂಗೋತ್ರಿಯ ಒಳರಸ್ತೆಯಲ್ಲಿ ಟೆಂಪೋ, ಅಂದರೆ ಸ್ವಲ್ಪ ಜೋರಿನ ಓಟ, ಮೂರು ಕಿ.ಮೀ.ನ ಮೂರು ತುಂಡು, ಆರು ನಿಮಿಷದ ಆಸುಪಾಸು. ಶುಕ್ರವಾರ ತಲೆಸ್ನಾನ, ಪೂಜೆ, ಓಟ ಇಲ್ಲ. ಸೋಮವಾರವೂ ಓಟ ಇಲ್ಲ, ಆದರೆ ಮಹಡಿ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಒಂದೊಂದು ಕಾಲಿಗೆ ಹದಿನೈದರಂತೆ ಮೂರು ಸಲ, ಬೆನ್ನಿಗೆ ಮಗನ ಸ್ಕೂಲ್ ಬ್ಯಾಗ್. ತೂಗಿ ನೋಡಿದ್ದೇನೆ, ಏಳು ಕೆ.ಜಿ. ಹದಿನೇಳು ಸಾವಿರದ ಶೂ ತಂದ ಹಿಮ್ಮಡಿ ನೋವು ಈ ಬ್ಯಾಗಿನಿಂದ ಹೋಯಿತು. ಜೋಡಿ ಓಟದ ವಾರ ಒಟ್ಟು 64, 65 ಕಿ.ಮೀ. ತಿಂಗಳ ಮುಟ್ಟಿನ ಮೊದಲ ಎರಡು ದಿನ ಟೆಂಪೋ ಬಿದ್ದರೆ ಅದನ್ನು ನಿಧಾನದ ಓಟ ಮಾಡಿಬಿಡುತ್ತೇನೆ, ಮುಂದಕ್ಕೆ ಹಾಕುವುದಿಲ್ಲ. ಮುಂದಕ್ಕೆ ಹಾಕಿದರೆ ಎಲ್ಲ ಒಂದರ ಮೇಲೊಂದು ಬೀಳುತ್ತದೆ.

ಎಲ್ಲರೂ ಬೈದಿದ್ದು ಭಾನುವಾರದ ಬಸ್ಸಿಗೆ. ಮನೆಯಿಂದ ಸುತ್ತುಬಳಸಿ 12, 13 ಓಡಿ ತಾವರೆಕಟ್ಟೆ ಸೇರುತ್ತೇನೆ. ಅಲ್ಲಿಂದ ಚಾಮುಂಡಿ ಬೆಟ್ಟದ ರಸ್ತೆ, ತುದಿಯವರೆಗೆ ಏಳೋ ಎಂಟೋ. ಇಳಿಯುವುದು ಓಡಿಕೊಂಡಲ್ಲ, ಸಿಟಿ ಬಸ್ಸಿನಲ್ಲಿ. ಇಳಿಜಾರು ಓಡದೆ ತೊಡೆ ಗಟ್ಟಿಯಾಗುವುದಿಲ್ಲ ಅಂತ ವಾದ ಮಾಡಿದರು. ಇರಬಹುದು. ನಾನು ಆಗಸ್ಟಿನಲ್ಲಿ ಮೂರು ಸಲ ಓಡಿ ಇಳಿದು ನೋಡಿದೆ. ಮೂರೂ ಸಲ ಮಂಗಳವಾರದ ಓಟ ಕೆಟ್ಟಿತು. ಬಸ್ಸಿನಲ್ಲಿ ಇಳಿದ ವಾರ ಮಂಗಳವಾರ ಕಾಲು ಹೊಸದು. ಶಕ್ತಿ ಯೋಜನೆ ಇರುವುದರಿಂದ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ. ಸೊಂಟದ ಪೌಚಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್ ಕಾರ್ಡ್, ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಬೆವರಿಗೆ ಅಂಗೈಯಲ್ಲೇ ಕರಗುತ್ತದೆ. ದರ್ಶನ ಮುಗಿಸಿ ರೇಷ್ಮೆ ಸೀರೆಯಲ್ಲಿ ಕೂತವರಿಗೆ ನನ್ನ ಬೆವರು ತಾಗಬಾರದು ಅಂತ ಹಿಂದುಗಡೆ ಕಂಬಿ ಹಿಡಿದು ನಿಂತೇ ಇಳಿಯುತ್ತೇನೆ. ಎಂಟೂಕಾಲಿಗೆ ಮನೆ. ಅತ್ತೆಯ ತಿಂಡಿ, ಮಾತ್ರೆ ಎಲ್ಲ ನನ್ನ ಕೈಯಲ್ಲೇ. ಆಷಾಢದಲ್ಲಿ ಮಾತ್ರ ಬೆಟ್ಟ ಬೇಡ, ಜನಜಂಗುಳಿ.

ಒಂದು ಸಲ ರಸ್ತೆ ಬಿಟ್ಟು ಸಾವಿರ ಮೆಟ್ಟಿಲು ಹತ್ತಿದ್ದೂ ಉಂಟು. ನಂದಿಯವರೆಗೆ ಚೆನ್ನಾಗಿತ್ತು, ಆಮೇಲೆ ಉಸಿರು ಕಟ್ಟಿತು. ಅದು ಬೇರೆ ಥರದ ವ್ಯಾಯಾಮ, ನಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ.

ಓಡುವಾಗ ತಿನ್ನುವುದರ ಮೇಲೆ ಮಾಡಿದ ಪ್ರಯೋಗಗಳಿಗೆ ಲೆಕ್ಕವಿಲ್ಲ. ಓಡುತ್ತಲೇ ನುಂಗುವ ಸಿಹಿ ಪಾಕದ ಪೊಟ್ಟಣ, ಜೆಲ್, ಒಂದಕ್ಕೆ ನೂರರ ಮೇಲೆ, ಒಂದು ಫುಲ್‌ಗೆ ಐದಾರು ಬೇಕು, ಅಭ್ಯಾಸಕ್ಕೂ ಅದನ್ನೇ ತಿನ್ನಲು ನಮ್ಮಂಥವರಿಗೆ ಆಗುವುದಿಲ್ಲ. ಕಡಲೆ ಮಿಠಾಯಿ ಗಂಟಲಲ್ಲಿ ಸಿಕ್ಕಿಕೊಂಡಿತು. ನಂಜನಗೂಡು ರಸಬಾಳೆ ಪೌಚಿನಲ್ಲೇ ಪಾಯಸವಾಯಿತು. ಹೊರಡುವ ಮುಂಚೆ ರಾಗಿ ಅಂಬಲಿ ಕುಡಿದರೆ ಆರು ಕಿ.ಮೀ.ವರೆಗೆ ಹೊಟ್ಟೆಯಲ್ಲಿ ಕುಲುಕುಲು. ಬೀಜ ತೆಗೆದು ಚಿಟಿಕೆ ಉಪ್ಪು ತುಂಬಿದ ಖರ್ಜೂರ ಹಿಡಿಸಿತು. ಜೊತೆಗೆ ಬೆಲ್ಲ, ನಿಂಬೆ, ಉಪ್ಪು, ಶುಂಠಿಯ ಪಾಕ, ಸಣ್ಣ ಬಾಟಲಿಯಲ್ಲಿ. ಅದರ ಅಳತೆಗೆ ನಾನು ಎರಡು ತಿಂಗಳು ಒದ್ದಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಮಗಳಿಗೆ ಕೂಡ ಹೇಳಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ನನ್ನ 2023ರ ಸುಸ್ತಿನಲ್ಲಿ ಅರ್ಧ ಪಾಲು ಕಬ್ಬಿಣದ ಕೊರತೆಯದು. ಹಿಮೋಗ್ಲೋಬಿನ್ ಹನ್ನೊಂದೂವರೆ ಇತ್ತು, ಪರವಾಗಿಲ್ಲ ಅಂತ ಸುಮ್ಮನಿದ್ದೆ. ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ನೋಡಿಸಿದಾಗ ಒಂಬತ್ತು, ತೀರಾ ಕಮ್ಮಿ. ಡಾಕ್ಟರು ಬರೆದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತಗೊಂಡೆ, ಅದರ ಹಿಂದೆ ಮುಂದೆ ಒಂದು ಗಂಟೆ ಕಾಫಿ ಮುಟ್ಟಲಿಲ್ಲ. ಎದ್ದ ಕೂಡಲೇ ಫಿಲ್ಟರ್ ಕಾಫಿ ಕುಡಿದು ಬೆಳೆದವಳಿಗೆ ಇಡೀ ತರಬೇತಿಯಲ್ಲಿ ಕಷ್ಟವಾಗಿದ್ದು ಅದೊಂದೇ. ನಾಲ್ಕು ತಿಂಗಳಿಗೆ ನಲವತ್ತರ ಹತ್ತಿರ ಬಂತು. ನೀವೂ ಮೊದಲು ಟೆಸ್ಟ್ ಮಾಡಿಸಿ, ಡಾಕ್ಟರಿಗೆ ತೋರಿಸಿ. ರಿಪೋರ್ಟ್ ಇಲ್ಲದೆ ಮಾತ್ರೆ ನುಂಗಬೇಡಿ.

ನವೆಂಬರಿನಲ್ಲಿ ಹಾಫ್ ದೂರವನ್ನು, ಅಂದರೆ 21 ಕಿ.ಮೀ., ಒಬ್ಬಳೇ ಓಡಿ ನೋಡಿದೆ, 2 ಗಂಟೆ 7. ಆಗ ಧೈರ್ಯ ಬಂತು. ರೇಸ್ ಹತ್ತಿರ ಬಂದಾಗ ಓಟ ಕಮ್ಮಿ ಮಾಡುವ ಟೇಪರ್‌ಗೆ ಮುಂಚಿನ ಮೂರು ವಾರದಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಅದನ್ನು ಇನ್ನೊಂದು ಸಲ ಪರೀಕ್ಷೆ ಮಾಡುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್, ಸ್ಲೀಪರ್. ಬಂಧುಗಳ ಮನೆಯಲ್ಲಿ ಉಳಿದೆ. ಈ ಸಲ ಆರು ತಿಂಗಳಿಗೆ ಶೂ, ಟೆಸ್ಟು, ರೈಲು, ಎಂಟ್ರಿ ಎಲ್ಲ ಸೇರಿ ಹದಿನಾಲ್ಕು ಸಾವಿರ ದಾಟಿಲ್ಲ. ರೇಸಿನಲ್ಲಿ ಸೀ ಲಿಂಕ್, ಆ ಸಮುದ್ರದ ಸೇತುವೆ ಮೇಲೆ ಗಾಳಿ ತಂಪಾಗಿತ್ತು, ನನ್ನ ಪಕ್ಕದವರೆಲ್ಲ ಅಲ್ಲಿ ಜೋರು ಮಾಡಿದರು, ನಾನು ಮಾಡಲಿಲ್ಲ. 28ನೇ ಕಿ.ಮೀ.ಗೆ ಕಾಲು ಭಾರವಾಯಿತು. ಆ ಭಾರ ನನಗೆ ಗೊತ್ತಿದ್ದ ಭಾರ. ಭಾನುವಾರದ ಮೊದಲ ಐದು ಕಿ.ಮೀ.ನ ಭಾರವೇ ಅದು, ಇಂಚು ಇಂಚೂ ಅದೇ. ಬಿಟ್ಟುಕೊಳ್ಳುತ್ತದೆ ಅಂತ ಗೊತ್ತಿತ್ತು, ಕಾದೆ, 33ರ ಹೊತ್ತಿಗೆ ಬಿಟ್ಟುಕೊಂಡಿತು. ಪೆಡ್ಡರ್ ರೋಡ್ ಏರನ್ನು ಒಂದು ಹೆಜ್ಜೆಯೂ ನಡೆಯದೆ ಓಡಿದೆ. ಬೆಟ್ಟ ಹತ್ತಿದ ಕಾಲಿಗೆ ಅದು ದೊಡ್ಡದಲ್ಲ. ಮುಗಿಸಿ ಮನೆಗೆ ಫೋನ್ ಮಾಡಿದರೆ ಅತ್ತೆ ಟೈಮಿಂಗ್ ಕೇಳಲಿಲ್ಲ, "ಏನಾದ್ರೂ ತಿಂದೆಯಾ?" ಅಂದರು. ರಸ್ತೆ ಬದಿಯಲ್ಲಿ ಕೂತು ಅತ್ತುಬಿಟ್ಟೆ.

ಅವರೀಗ ಸಂಜೆ ಮಹಡಿಯ ಮೇಲೆ ಇಪ್ಪತ್ತು ಸುತ್ತು ನಡೆಯುತ್ತಾರೆ. ಕ್ಯಾಲೆಂಡರಿನ ಚೌಕದಲ್ಲಿ ಮೇಲೆ ನನ್ನ ಕಿಲೋಮೀಟರು, ಕೆಳಗೆ ಅವರ ಸುತ್ತು ಮತ್ತು ಬೆಳಗಿನ ಶುಗರ್, ಪೆನ್ಸಿಲಿನಲ್ಲಿ ಅವರೇ ಬರೆಯುವುದು. ಸುತ್ತು ಹೆಚ್ಚಾದ ಮೇಲೆ ಶುಗರ್ 160ರಿಂದ 130ರ ಆಸುಪಾಸಿಗೆ ಇಳಿದಿದೆ.

ಶನಿವಾರ ರಜೆ ಇಲ್ಲದವರು ಏನು ಮಾಡಬೇಕು ಅಂತ ಕೇಳಿದ್ದೀರಿ. ನಮ್ಮ ಗುಂಪಿನಲ್ಲಿ ಒಬ್ಬರು ನರ್ಸ್ ಇದ್ದಾರೆ, ಅವರಿಗೆ ವಾರದ ರಜೆ ತಿರುಗುತ್ತಿರುತ್ತದೆ. ರಾತ್ರಿ ಡ್ಯೂಟಿ ಮುಗಿದ ಮಾರನೇ ದಿನ ಮತ್ತು ಅದರ ಮರುದಿನ, ಹೀಗೆ ಜೋಡಿ ಮಾಡಿಕೊಂಡು ಈಗ ಏಳನೇ ವಾರ. ಮೊದಲ ಮೂರು ವಾರ ಅವರಿಗೆ ನಿದ್ದೆ ಸಾಲದೆ 18 ಅನ್ನು 14ಕ್ಕೆ ಇಳಿಸಿದೆವು. ಈಗ 16ರಲ್ಲಿದ್ದಾರೆ, ಎರಡನೇ ದಿನ ಆರು ಕಿ.ಮೀ.ಗೆ ಕಾಲು ಬಿಟ್ಟುಕೊಳ್ಳುತ್ತಿದೆ ಅನ್ನುತ್ತಾರೆ. ಅವರ ರೇಸ್ ಮುಗಿಯಲಿ, ಅವರಿಂದಲೇ ಬರೆಸುತ್ತೇನೆ.