ಎಷ್ಟು ಹೊತ್ತು ಉಳಿಯಿತು ಆ ನೋವು?

ಬನಶಂಕರಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ನಾನು ಕೌನ್ಸೆಲರ್. 'ಮಿಸ್, ನೀನು ಓವರ್‌ ರಿಯಾಕ್ಟ್ ಮಾಡ್ತೀಯ ಅಂತಾರೆ ಎಲ್ಲರೂ' ಎಂಬ ಮಕ್ಕಳ ದೂರು ಕೇಳಿ ಕೇಳಿ, ಒಮ್ಮೆ ಅಳೆದೇ ನೋಡೋಣ ಅನ್ನಿಸಿತು.

ಆರಿಸಿದ್ದು ಎಮೋಷನ್ ರಿಯಾಕ್ಟಿವಿಟಿ ಸ್ಕೇಲ್. ಹಾರ್ವರ್ಡ್‌ನ ಮ್ಯಾಥ್ಯೂ ನಾಕ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ್ದು. ಒಟ್ಟು 21 ಹೇಳಿಕೆ, ಒಂದೊಂದಕ್ಕೂ 0ಯಿಂದ 4 ಅಂಕ. ಮನಸ್ಸಿಗೆ ಎಷ್ಟು ಬೇಗ ತಟ್ಟುತ್ತದೆ, ಎಷ್ಟು ಜೋರಾಗಿ ತಟ್ಟುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳುತ್ತದೆ. ಜೊತೆಗೆ ಖಿನ್ನತೆ, ಆತಂಕ, ಒತ್ತಡ ನೋಡಲು ಡಾಸ್-21 ಕೊಟ್ಟೆ. ಮಕ್ಕಳಿಗೆ 18 ತುಂಬಿರಲಿಲ್ಲ, ಹಾಗಾಗಿ ಅವರ ಜೊತೆ ಅಪ್ಪ ಅಮ್ಮನ ಒಪ್ಪಿಗೆಯೂ ಬೇಕಾಯಿತು. ಹಾಳೆಯ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಹಾಕಿದೆ.

ಕಷ್ಟವಾಗಿದ್ದು ಕನ್ನಡಕ್ಕೆ ತರುವುದು. 'ಅಪ್‌ಸೆಟ್' ಇದ್ದಲ್ಲೆಲ್ಲ 'ಬೇಜಾರು' ಅಂತ ಬರೆದಿದ್ದೆ. ಒಬ್ಬ ಹುಡುಗಿ ಅಲ್ಲೆಲ್ಲ 4 ಹಾಕಿದ್ದಳು. ಗಾಬರಿಯಾಗಿ ಕರೆದು ಕೇಳಿದರೆ, 'ಕ್ಲಾಸ್ ಬೋರ್ ಅಲ್ವಾ ಮಿಸ್, ಅದಕ್ಕೆ' ಅಂದಳು! ನಮ್ಮ ಬೇಜಾರಿನಲ್ಲಿ ದುಃಖವೂ ಇದೆ, ಬೋರೂ ಇದೆ. 'ಮನಸ್ಸು ಕದಡಿದಾಗ' ಎಂದರೆ ಪುಸ್ತಕದ ಮಾತಾಯಿತು. ಕೊನೆಗೆ 'ಮನಸ್ಸಿಗೆ ನೋವಾದಾಗ' ಎಂದು ಬರೆದೆ. ಸಿಟ್ಟು ಅದರಲ್ಲಿ ಪೂರ್ತಿ ಬರುವುದಿಲ್ಲ ಎಂಬ ಅಳುಕು ಈಗಲೂ ಇದೆ.

ಮೊದಲ ಸಲ ಹಾಳೆ ಹಂಚಿದ್ದು ಯೂನಿಟ್ ಟೆಸ್ಟ್ ಮಾರ್ಕ್ಸ್ ಕೊಟ್ಟ ದಿನ. ನನ್ನದೇ ಪೆದ್ದುತನ. ಅದನ್ನೆಲ್ಲ ಬದಿಗಿಟ್ಟು ಎರಡು ವಾರ ಬಿಟ್ಟು ಮತ್ತೆ ಮಾಡಿದೆ, ಈ ಸಲ ಬೆಂಚಿಗೊಬ್ಬರಂತೆ ಕೂರಿಸಿ.

ನನ್ನ ಪುಟ್ಟ ಗುಂಪಿನಲ್ಲಿ ರಿಯಾಕ್ಟಿವಿಟಿಯ ಅಂಕ, ಡಾಸ್ ಅಂಕ ಎರಡೂ ಹೆಚ್ಚುಕಡಿಮೆ ಜೊತೆಯಾಗಿಯೇ ಏರಿದವು. ಯಾವುದರಿಂದ ಯಾವುದು ಬಂತು ಎಂದು ಒಂದೇ ದಿನ ತುಂಬಿದ ಹಾಳೆ ಹೇಳುವುದಿಲ್ಲ. ಆದರೆ ಒಬ್ಬ ಹುಡುಗ ಈ ಲೆಕ್ಕಕ್ಕೆ ಸಿಗಲಿಲ್ಲ. ಅವನ ಖಿನ್ನತೆಯ ಅಂಕ ಜಾಸ್ತಿ, ರಿಯಾಕ್ಟಿವಿಟಿಯ ಒಟ್ಟು ಅಂಕ ಕಡಿಮೆ. ಬಿಡಿಸಿ ನೋಡಿದರೆ 'ಎಷ್ಟು ಹೊತ್ತು' ಎಂಬ ಭಾಗದಲ್ಲಿ ಮಾತ್ರ ಅಂಕ ತುಂಬಾ ಜಾಸ್ತಿ ಇತ್ತು. ಆ ಭಾಗಕ್ಕಿರುವುದು ನಾಲ್ಕೇ ಹೇಳಿಕೆ. 84ರಲ್ಲಿ 16 ಅಂಕ, ಅಷ್ಟೇ.

'ಅಪ್ಪ ಬೈದ್ರೆ ಸುಮ್ನೆ ಇರ್ತೀನಿ ಮಿಸ್. ಮೂರು ದಿನ ತಲೇಲಿ ಅದೇ ಓಡ್ತಿರುತ್ತೆ' ಅಂದ. ಮನೆಯಲ್ಲಿ ಅವನಿಗೆ ತಣ್ಣನೆಯ ಹುಡುಗ ಎಂಬ ಹೆಸರು. ತಾನಾಗಿ ನನ್ನ ಕೋಣೆಗೆ ಯಾವತ್ತೂ ಬಂದವನಲ್ಲ.

ಈಗ ಹಾಳೆ ಕೈಗೆ ಬಂದರೆ ಒಟ್ಟು ಕೂಡಿಸುವ ಮೊದಲು ಆ ನಾಲ್ಕನ್ನು ನೋಡುತ್ತೇನೆ.